ಅಪ್ಪ ಒಳ್ಳೆಯವನಾದರೂ ‘ಬೇಡ’ ಅನ್ನಬಹುದು

ಮಗಳೇ,

ಅಪ್ಪನ ಮೇಲಿನ ಸಿಟ್ಟನ್ನು ಇಷ್ಟು ಅಚ್ಚುಕಟ್ಟಾದ ಕನ್ನಡದಲ್ಲಿ ಬರೆಯುವ ಹುಡುಗಿಯರನ್ನು ನಾನು ಬೆಂಗಳೂರಿನಲ್ಲೂ ಕಂಡಿಲ್ಲ. ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದವಳು, ಒತ್ತಕ್ಷರ ಒಂದೂ ತಪ್ಪಿಲ್ಲ. ಆ ಕನ್ನಡ ಹೇಗೆ ಬಂತೆಂಬುದೂ ನಿನ್ನ ದೂರಿನಲ್ಲೇ ಇದೆ. ಮನೆಯೊಳಗೆ ಇಂಗ್ಲಿಷಿನಲ್ಲಿ ಏನು ಕೇಳಿದರೂ ಅಪ್ಪ ಕಿವುಡನಂತೆ ಕೂತಿರುತ್ತಿದ್ದ. ಭಾನುವಾರ ಗೆಳತಿಯರು ಈಜಲು ಹೋದರೆ ನಿನಗೆ ಕಾಗುಣಿತ. ಅವರ ಮನೆಯಲ್ಲಿ ಒಂದು ರಾತ್ರಿ ಉಳಿಯುವಂತಿಲ್ಲ. ಹುಟ್ಟುಹಬ್ಬಕ್ಕೆ ಬಂದ ಉಡುಗೊರೆಯಲ್ಲಿ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ದಾನ ಕೊಡಬೇಕು. ಈಗ ನೀನು ಮೆಡಿಕಲ್ ಓದಿ, ಊರಿಗೆ ಬಂದು ಬಡವರಿಗೆ ಆಸ್ಪತ್ರೆ ತೆರೆಯಬೇಕೆಂದು ಪಟ್ಟು ಹಿಡಿದಿದ್ದಾನೆ. ನಿನಗೋ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವ ಆಸೆ. ಅದಕ್ಕೆ ಒಂದು ಉಪಾಯವನ್ನೂ ಹುಡುಕಿದ್ದೀಯ. ಪ್ರವೇಶ ಪರೀಕ್ಷೆಯಲ್ಲಿ ಬೇಕೆಂದೇ ಕಡಿಮೆ ಅಂಕ ತೆಗೆದರೆ ಹೇಗೆ ಎಂದು ಕೇಳುತ್ತೀ.

ಬೇಡ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಅಪ್ಪ ಕುಡುಕನೋ ಜೂಜುಕೋರನೋ ಆಗಿದ್ದರೆ ನಿನ್ನ ಕೆಲಸ ಸುಲಭವಿತ್ತು; ನಾಲ್ಕು ಜನ ನಿನ್ನ ಪರ ನಿಲ್ಲುತ್ತಿದ್ದರು. ನಿನ್ನಪ್ಪ ಜಾತಿ ಕೇಳದವನು, ಸುಳ್ಳು ಹೇಳದವನು, ಸಂಬಳದಲ್ಲಿ ಪಾಲು ತೆಗೆದು ಊರಿನ ಶಾಲೆಗೆ ಕಳಿಸುವವನು. ಇಂಥವನ ಮೇಲೆ ಸಿಟ್ಟು ಬಂದರೆ ಮಕ್ಕಳಿಗೆ ತಮ್ಮ ಮೇಲೇ ಅನುಮಾನ ಹುಟ್ಟುತ್ತದೆ, ತಪ್ಪು ತಮ್ಮದೇ ಇರಬೇಕು ಅಂತ. ಅವನ ಆದರ್ಶ ದೊಡ್ಡದು, ಸರಿ. ಅದನ್ನು ಮನೆಯಲ್ಲಿ ಆಜ್ಞೆಯ ಹಾಗೆ ಹೊರಡಿಸುವುದು ತಪ್ಪು. ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿಟ್ಟು, ಹೊತ್ತುಕೊಳ್ಳಲೂ ಆಗದೆ ಎಸೆಯಲೂ ಆಗದೆ ನೀನು ಒದ್ದಾಡುತ್ತಿದ್ದೀ.

ನಿನ್ನಪ್ಪನಿಗೆ ತದ್ವಿರುದ್ಧವಾದ ಒಬ್ಬ ಅಪ್ಪ ಬಂಗಾಳದಲ್ಲಿದ್ದರು. ಡಾಕ್ಟರ್ ಕೃಷ್ಣಧನ ಘೋಷ್, ಸರ್ಕಾರಿ ಸಿವಿಲ್ ಸರ್ಜನ್, ಬಡ ರೋಗಿಗಳಿಗೆ ಕೈಯೆತ್ತಿ ಕೊಡುತ್ತಿದ್ದವರು. ಮಕ್ಕಳು ಅಪ್ಪಟ ಇಂಗ್ಲಿಷರಾಗಬೇಕೆಂಬುದೇ ಅವರ ಆದರ್ಶ. 1879ರಲ್ಲಿ ಮೂವರು ಗಂಡುಮಕ್ಕಳನ್ನು ಮ್ಯಾಂಚೆಸ್ಟರಿನ ಒಬ್ಬ ಪಾದ್ರಿಯ ಮನೆಯಲ್ಲಿ ಬಿಟ್ಟರು. ಭಾರತೀಯರ ಸಂಪರ್ಕವೇ ಆಗಕೂಡದು ಎಂದು ಕಟ್ಟಪ್ಪಣೆ. ಮೂರನೆಯವನಿಗೆ ಆಗ ಏಳು ವರ್ಷ. ಅವರೇ ಮುಂದೆ ಶ್ರೀ ಅರವಿಂದರು. ತಾಯ್ನುಡಿ ಬಂಗಾಳಿಯನ್ನು ಅವರು ಸರಿಯಾಗಿ ಕಲಿತದ್ದು ದೊಡ್ಡವರಾಗಿ ಬರೋಡಾಕ್ಕೆ ಬಂದ ಮೇಲೆ. ವಿಚಿತ್ರವೆಂದರೆ, ಆ ಅಪ್ಪನೇ ಇಂಗ್ಲಿಷರ ದರ್ಪದಿಂದ ಬೇಸತ್ತು, ಭಾರತೀಯರ ಮೇಲಿನ ದೌರ್ಜನ್ಯದ ಸುದ್ದಿಗಳಿಗೆ ಗುರುತು ಹಾಕಿ ಪತ್ರಿಕೆಗಳನ್ನು ಮಕ್ಕಳಿಗೆ ಕಳಿಸತೊಡಗಿದ್ದರು. ಆದರೂ ಮಗ ಐ.ಸಿ.ಎಸ್. ಆಗಲಿ ಎಂಬ ಆಸೆ ಬಿಡಲಿಲ್ಲ.

ಅರವಿಂದರು ಬರವಣಿಗೆಯ ಪರೀಕ್ಷೆಯಲ್ಲಿ ಪಾಸಾದರು. ಕುದುರೆ ಸವಾರಿಯ ಪರೀಕ್ಷೆಗೆ ಮಾತ್ರ ಹೋಗಲಿಲ್ಲ. ತಾನಾಗಿ ಬೇಡವೆಂದರೆ ಮನೆಯವರು ಬಿಡುವುದಿಲ್ಲ, ಅದಕ್ಕೇ ಅನರ್ಹನಾಗುವ ಹಂಚಿಕೆ ಹೂಡಿದೆ ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ನೀನು ಹುಡುಕಿರುವ ಉಪಾಯ ಅಷ್ಟು ಹಳೆಯದು! ಆಮೇಲೆ ಆದದ್ದು ಇದು: ಮಗ ಹೊರಟಿದ್ದಾನೆಂದು ತಂದೆ ನಂಬಿದ್ದ ಹಡಗು ಪೋರ್ಚುಗಲ್ ತೀರದಲ್ಲಿ ಮುಳುಗಿತು. ಮಗ ಆ ಹಡಗು ಹತ್ತಿರಲೇ ಇಲ್ಲ. ಅದು ತಿಳಿಯದೆ ತಂದೆ ಆಘಾತದಿಂದ ತೀರಿಕೊಂಡರು. 1893ರಲ್ಲಿ ಅರವಿಂದರು ಮುಂಬೈಯಲ್ಲಿ ಇಳಿದಾಗ, ಎದುರೆದುರು ಕೂತು ಮಾತಾಡಲು ಅಪ್ಪನೇ ಇರಲಿಲ್ಲ. ಅವರು ಅರವಿಂದರಾದ್ದರಿಂದ ನಿಭಾಯಿಸಿದರು ಅನ್ನು. ನಮ್ಮಂಥವರಿಗೆ ಹೇಳದೆ ಉಳಿದ ಮಾತು ಜನ್ಮಪೂರ್ತಿ ಕೊರೆಯುತ್ತದೆ.

ನಿನ್ನಪ್ಪನ ಆರಾಧ್ಯದೈವ ಗಾಂಧೀಜಿ. ಅದರಿಂದ ಅವರ ಮನೆಯ ವಿಷಯವನ್ನೂ ನೀನು ತಿಳಿದಿರಬೇಕು. ಜೋಹಾನ್ಸ್‌ಬರ್ಗ್‌ನಲ್ಲಿ ಮಕ್ಕಳೊಡನೆ ಗುಜರಾತಿಯಲ್ಲೇ ಮಾತಾಡಬೇಕೆಂದು ಅವರು ಹಟ ಹಿಡಿದರೆ, ಇಂಗ್ಲಿಷ್ ಕಲಿತರೆ ಮಕ್ಕಳ ಬದುಕು ಸಲೀಸಾಗುತ್ತದೆಂದು ಗೆಳೆಯ ಪೋಲಾಕ್ ಜಗಳಕ್ಕೇ ನಿಲ್ಲುತ್ತಿದ್ದರು. ಮಕ್ಕಳಿಗೆ ಕ್ರಮವಾದ ಶಾಲೆ ಇಲ್ಲ. ಮನೆಯಿಂದ ಆಫೀಸಿಗೆ ಹೋಗಿಬರುವ ಐದು ಮೈಲಿ ನಡಿಗೆಯಲ್ಲಿ ಅಪ್ಪ ಹೇಳಿದ್ದೇ ಪಾಠ. ಹಿರಿಯ ಮಗ ಹರಿಲಾಲರ ಬಾಲ್ಯ ಭಾರತಕ್ಕೂ ಆಫ್ರಿಕಕ್ಕೂ ಹಂಚಿಹೋಯಿತು. 1908ರಿಂದ ಅಪ್ಪನ ಸತ್ಯಾಗ್ರಹದಲ್ಲಿ ಮತ್ತೆ ಮತ್ತೆ ಜೈಲಿಗೆ ಹೋದರು, ಜನ ಅವರನ್ನು ಛೋಟೆ ಗಾಂಧಿ ಎಂದರು. ಇಂಗ್ಲೆಂಡಿನಲ್ಲಿ ಓದಲು ಗೆಳೆಯ ಪ್ರಾಣಜೀವನ ಮೆಹ್ತಾ ಅವರ ನೆರವು ಬಂದಾಗ ಗಾಂಧೀಜಿ ಅದನ್ನು ಕೊಟ್ಟದ್ದು ಬಂಧು ಛಗನ್‌ಲಾಲರಿಗೆ. ಅವರು ಕಾಯಿಲೆ ಬಿದ್ದು ಮರಳಿದ ಮೇಲೆ, ಸೊರಾಬ್‌ಜಿ ಎಂಬ ಪಾರ್ಸಿ ಯುವಕನಿಗೆ. ನ್ಯಾಯವಾಗಿ ನೋಡಿದರೆ ಸ್ವಂತ ಮಗನಿಗೆ ಕೊಡದಿದ್ದದ್ದು ದೊಡ್ಡ ಗುಣ. ಆ ಮಗನ ಜಾಗದಲ್ಲಿ ಕೂತು ನೋಡು.

1911ರಲ್ಲಿ ಹರಿಲಾಲ್ ಮನೆ ಬಿಟ್ಟು ಅಹಮದಾಬಾದಿಗೆ ಬಂದು, ಸಣ್ಣ ಹುಡುಗರ ಜೊತೆ ಕೂತು ಮೆಟ್ರಿಕ್ ಪರೀಕ್ಷೆ ಕಟ್ಟಿ ಫೇಲಾದರು. 1915ರಲ್ಲಿ ತಂದೆಗೆ ಉದ್ದನೆಯ ದೂರಿನ ಪತ್ರ ಬರೆದು ಅಚ್ಚು ಹಾಕಿಸಿದರು. ಆಮೇಲೆ ಕುಡಿತ, ಸಾಲ. 1936ರಲ್ಲಿ ಮತಾಂತರವಾಗಿ ಅಬ್ದುಲ್ಲಾ ಆದರು, ಕೆಲವೇ ತಿಂಗಳಲ್ಲಿ ಮರಳಿ ಹಿಂದೂ ಆದರು. ನನಗೆ ಅನ್ನಿಸುವುದು ಹೀಗೆ: ಅಪ್ಪ ಬೇಡವೆಂದದ್ದನ್ನೇ ಹುಡುಕಿ ಹುಡುಕಿ ಮಾಡುವವನೂ ಅಪ್ಪನ ಹೇಳಿಕೆಯಂತೆಯೇ ಬದುಕುತ್ತಿರುತ್ತಾನೆ. ಹರಿಲಾಲರ ತಮ್ಮ ಮಣಿಲಾಲ್ ಅಪ್ಪನ ಮಾತಿಗೆ ತಲೆಬಾಗಿದವರು. ಆಫ್ರಿಕದಲ್ಲೇ ನಿಂತು, 1920ರಿಂದ ತಾವು ಸಾಯುವ 1956ರವರೆಗೂ ‘ಇಂಡಿಯನ್ ಒಪಿನಿಯನ್’ ಪತ್ರಿಕೆ ನಡೆಸಿದರು. ಒಲಿದ ಮುಸ್ಲಿಂ ಹುಡುಗಿಯನ್ನು ತಂದೆ ಒಪ್ಪದ ಕಾರಣ ಬಿಟ್ಟುಕೊಟ್ಟರು. ಅವರ ಮಗಳ ಮಗಳು ಬರೆದ ಜೀವನಚರಿತ್ರೆಗೆ ‘ಗಾಂಧಿಯ ಕೈದಿಯೇ?’ ಎಂಬ ಅರ್ಥದ ಹೆಸರಿದೆ. ಆ ಪ್ರಶ್ನಾರ್ಥಕ ಚಿಹ್ನೆಯನ್ನು ನೀನು ಗಮನಿಸಬೇಕು. ಕೈದಿಯೂ ಇರಬಹುದು, ಆ ಕೆಲಸವನ್ನು ತನ್ನದೆಂದೇ ಆರಿಸಿಕೊಂಡ ಮನುಷ್ಯನೂ ಇರಬಹುದು.

ಇನ್ನು ನಿನಗೆ ಗೊತ್ತಿಲ್ಲದ ಒಂದು ಸಂಗತಿ. ನಿನ್ನಪ್ಪ ಮೈಸೂರಿನ ಹಾಸ್ಟೆಲಿನಲ್ಲಿ ನನಗಿಂತ ಕಿರಿಯ. 1982ರ ಗೋಕಾಕ್ ಚಳವಳಿಯಲ್ಲಿ ಮೆರವಣಿಗೆಗೆ ಹೋಗಿ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದ. ಜಾತಕ, ಪುರೋಹಿತರು, ವರದಕ್ಷಿಣೆ ಒಂದೂ ಬೇಡ, ಕುವೆಂಪು ಅವರ ಮಂತ್ರಮಾಂಗಲ್ಯದಂತೆ ಮದುವೆಯಾಗುತ್ತೇನೆ ಎಂದು ನಿಮ್ಮಜ್ಜನ ಎದುರು ನಿಂತು ಹೇಳಿದ. ನಿಮ್ಮಜ್ಜ ಮದುವೆಗೆ ಬರಲಿಲ್ಲ. ಅಜ್ಜನೂ ತಮ್ಮ ಲೆಕ್ಕದಲ್ಲಿ ಆದರ್ಶವಾದಿಯೇ, ಆಚಾರದಲ್ಲಿ ಕೂದಲೆಳೆಯಷ್ಟೂ ತಪ್ಪದವರು. ಅಪ್ಪನ ಮಾತು ಮೀರಿ ತನ್ನ ಬದುಕು ಕಟ್ಟಿಕೊಂಡವನು ಈಗ ಮಗಳು ಮಾತು ಮೀರಬಾರದೆಂದು ಗುಡುಗುತ್ತಿದ್ದಾನೆ. ಇಂಥವರ ಜಾಯಮಾನವೇ ಹೀಗೆ. ತಮ್ಮ ಕಾಲದ ಬಂಡಾಯವೇ ಕೊನೆಯದು ಅಂದುಕೊಂಡಿರುತ್ತಾರೆ.

ಮೇಲಾಗಿ ಅವನು ಸೂಟ್‌ಕೇಸಿನಲ್ಲಿ ಹೊತ್ತುಕೊಂಡು ಹೋದದ್ದು ಅಂದಿನ ಕರ್ನಾಟಕವನ್ನು. ಇಲ್ಲಿ ನಿನ್ನ ಚಿಕ್ಕಪ್ಪನ ಮಕ್ಕಳು ಕೊರಿಯನ್ ಸೀರಿಯಲ್ ನೋಡುತ್ತಾ, ಇಂಗ್ಲಿಷಿನಲ್ಲೇ ಜಗಳವಾಡುತ್ತಾರೆ. ರಜೆಗೆ ಬಂದಾಗ ನಿನ್ನ ಗ್ರಾಂಥಿಕ ಕನ್ನಡ ಕೇಳಿ ಅವರು ನಕ್ಕದ್ದು ನಿನಗೆ ನೋವಾಯಿತಲ್ಲ, ಆ ನೋವು ನಿನ್ನಪ್ಪನಿಗೂ ಆಗಬೇಕಾದದ್ದು. ಅವನು ಹೇಳುವ ಊರು ಈಗ ಇಲ್ಲ. ಅವನು ಹೆದರುವ ಅಮೆರಿಕವೂ ನೀನು ಶಾಲೆಯಲ್ಲಿ ಕಂಡ ಅಮೆರಿಕವಲ್ಲ. ಎರಡನ್ನೂ ಕಣ್ಣಾರೆ ನೋಡಿರುವವಳು ಆ ಮನೆಯಲ್ಲಿ ನೀನೊಬ್ಬಳೇ. ಅದನ್ನು ಕೊರತೆ ಅಂದುಕೊಳ್ಳುವ ಚಟ ಬಿಡು.

ಅಮ್ಮನನ್ನೂ ಮರೆಯಬೇಡ. 1901ರಲ್ಲಿ ಆಫ್ರಿಕ ಬಿಡುವಾಗ ಉಡುಗೊರೆಯಾಗಿ ಬಂದ ಒಡವೆಗಳನ್ನೆಲ್ಲ ಗಾಂಧೀಜಿ ಸಾರ್ವಜನಿಕ ಟ್ರಸ್ಟಿಗೆ ಬಿಟ್ಟುಕೊಟ್ಟಾಗ, ಹುಡುಗರನ್ನು ಈಗಿನಿಂದಲೇ ಬೈರಾಗಿ ಮಾಡಲು ಹೊರಟಿದ್ದೀರಿ ಎಂದು ಕಸ್ತೂರಬಾ ರೇಗಿದ್ದರಂತೆ. ಆದರ್ಶವಾದಿಗಳ ಮನೆಯಲ್ಲಿ ಬೆಲೆ ತೆರುವವರಲ್ಲಿ ಹೆಂಡತಿ ಮೊದಲಿಗಳು. ನಿನ್ನಮ್ಮನ ಬಳಿ ಹೋಗು, ಅವಳ ಕಥೆ ಕೇಳು. ಅಪ್ಪನಿಗೆ ಮಾತು ಮುಟ್ಟಿಸಲು ಮಾತ್ರ ಅವಳನ್ನು ಕಳಿಸಬೇಡ, ಆ ಕೆಲಸ ಅವಳು ಬೇಕಾದಷ್ಟು ಮಾಡಿದ್ದಾಳೆ.

ಪರೀಕ್ಷೆಯಲ್ಲಿ ಬೇಕೆಂದು ಫೇಲಾಗುವ ಯೋಚನೆ ಬಿಡು. ಫೇಲಾದರೆ ಅಪ್ಪ ಮತ್ತೊಮ್ಮೆ ಕಟ್ಟಿಸುತ್ತಾನೆ, ಟ್ಯೂಷನ್ ಹಾಕಿಸುತ್ತಾನೆ. ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಅವನಿಗೆ ತಿಳಿಯುವುದೇ ಇಲ್ಲ. ಅಪ್ಪ ಕೊಟ್ಟದ್ದರಲ್ಲಿ ಯಾವುದು ನಿನ್ನದಾಗಿದೆ, ಯಾವುದು ಇನ್ನೂ ಅವನದೇ ಎಂದು ನಿಧಾನವಾಗಿ ನೋಡಿಕೋ. ಕನ್ನಡ ನಿನ್ನದಾಗಿದೆ, ಬರಹದಲ್ಲೇ ಗೊತ್ತಾಗುತ್ತದೆ. ಕಡಿಮೆ ಸಂಬಳದ ಮೇಷ್ಟರ ಕೆಲಸ ಸಾಕು ಅನ್ನುವ ಬುದ್ಧಿ ಎಲ್ಲಿಂದ ಬಂತು ಅಂದುಕೊಂಡೆ? ಮೆಡಿಕಲ್ ಅವನದು. ಅದನ್ನು ಅವನಿಗೇ ಬಿಡು. ಸಿಟ್ಟಿನಲ್ಲಿ ಮೂರನ್ನೂ ಒಟ್ಟಿಗೆ ಬಿಸಾಡಬೇಡ.

ಬೇಸಿಗೆ ರಜೆಗೆ ಮುಂಚೆಯೇ ಒಂದು ದಿನ ಅವನ ಎದುರು ಕೂತು ಹೇಳಿಬಿಡು. ಫೋನಿನಲ್ಲಿ ಬೇಡ. ಕನ್ನಡದಲ್ಲೇ ಹೇಳು, ಕಿವುಡನಂತೆ ಕೂರಲು ಆಗುವುದಿಲ್ಲ. ಅಜ್ಜ ಮದುವೆಗೆ ಬರದ ಪ್ರಸಂಗವನ್ನು ಚುಚ್ಚುಮಾತಿಗೆ ಬಳಸಬೇಡ. ಅವನು ತಾನಾಗಿ ನೆನಪಿಸಿಕೊಳ್ಳಲಿ. ಕೂಗಾಡುತ್ತಾನೆ, ನಾಲ್ಕಾರು ದಿನ ಮಾತು ಬಿಡುತ್ತಾನೆ, ಆಮೇಲೆ ಅಪರಾತ್ರಿಯಲ್ಲಿ ನನಗೆ ಫೋನು ಮಾಡಿ ನಿನ್ನ ಮೇಲೆ ದೂರು ಹೇಳುತ್ತಾನೆ. ಆ ಪಾಲನ್ನು ನನಗೆ ಬಿಡು.