ಮನೆಯ ತಿಂಡಿ: ಪದ, ಪದಾರ್ಥ, ಪಾಕ

‘ಉಣ್’ ಎಂಬ ಧಾತುವಿನಿಂದ ಊಟವೂ ‘ತಿನ್’ ಎಂಬ ಧಾತುವಿನಿಂದ ತಿಂಡಿಯೂ ಹುಟ್ಟಿದವು. ಕನ್ನಡಿಗನು ಅನ್ನವನ್ನು ಉಣ್ಣುತ್ತಾನೆ, ಕಡಲೆಯನ್ನು ತಿನ್ನುತ್ತಾನೆ. ಇವೆರಡನ್ನೂ ಅವನು ಬೆರೆಸುವುದಿಲ್ಲ. ಊಟಕ್ಕೆ ಹೊತ್ತುಂಟು, ಎಲೆಯುಂಟು, ಪಂಕ್ತಿಯುಂಟು. ತಿಂಡಿಗೆ ಇವೊಂದೂ ಬೇಕಿಲ್ಲ. ಅಂಗೈಯೇ ಅದರ ತಟ್ಟೆ, ಹಸಿವೇ ಅದರ ಹೊತ್ತು. ಶಾಲೆಯಿಂದ ಮನೆಗೆ ಓಡಿಬಂದ ಮಗು ಪಾಟಿಚೀಲವನ್ನು ಮೂಲೆಗೆಸೆದು ಮೊದಲು ಕೇಳುವುದು ಊಟವನ್ನಲ್ಲ, ‘ಬಾಯಾಡಿಸಲು’ ಏನಾದರೊಂದನ್ನು. ಮೈಸೂರು ಸೀಮೆಯಲ್ಲಿ ‘ತಿಂಡಿ’ಯೆಂದರೆ ಬೆಳಗಿನ ಉಪಾಹಾರವೆಂಬ ಅರ್ಥವೂ ಬೆಳೆದಿದೆ. ಇಲ್ಲಿ ಆ ಅರ್ಥವನ್ನು ಬದಿಗಿಟ್ಟು, ಮಕ್ಕಳ ಕೈಗೆ ಬೀಳುವ ಸಂಜೆಯ ತಿನಿಸನ್ನು ಕುರಿತು ಮಾತ್ರ ವಿಚಾರಿಸಲಾಗಿದೆ.

ನಮ್ಮ ಪಾಕಸಾಹಿತ್ಯ ಬಡವಾದುದಲ್ಲ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರು ಬಂದಿದೆ. ೧೦೨೫ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೂ ಸ್ಥಾನವಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ (ಕ್ರಿ. ಶ. ೧೧೨೯) ಮಂಡಕ, ಪೂರಿಕೆ, ವಟಕಗಳ ವಿಧಾನ ದೊರೆಯುತ್ತದೆ. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನಂತೂ ಅಡುಗೆಯನ್ನೇ ವಸ್ತುವಾಗಿರಿಸಿಕೊಂಡು ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ರಚಿಸಿದನು. ಪ್ರಸಂಗವಶಾತ್ ಒಂದು ಮಾತು: ಈ ಪಾಕಗ್ರಂಥಗಳನ್ನು ಬರೆದವರೆಲ್ಲರೂ ಗಂಡಸರೇ. ಪುರಾಣಪ್ರಸಿದ್ಧರಾದ ನಳ ಭೀಮರೂ ಗಂಡಸರೇ. ಆದುದರಿಂದ ಅಡುಗೆಮನೆಯ ಹೊಸ್ತಿಲು ದಾಟಿದರೆ ಮಾನ ಹೋದೀತೆಂದು ನಮ್ಮ ಬಾಲಕರಾಗಲಿ ಅವರ ತಂದೆಯರಾಗಲಿ ಅಂಜಬೇಕಾದ ಕಾರಣವಿಲ್ಲ.

ಆದರೆ ಈ ಗ್ರಂಥಗಳ ಪಾಕವೆಲ್ಲ ಬಹುಮಟ್ಟಿಗೆ ಸಿರಿವಂತರ ಪಾಕಶಾಲೆಯದು. ಹೊಲದಿಂದ ಬಂದ ತಾಯಿ ಅವಸರದಲ್ಲಿ ಮಗುವಿನ ಕೈಗಿತ್ತ ಉಂಡಿಗೆ ಗ್ರಂಥಕರ್ತನಿಲ್ಲ. ಅದರ ಅಳತೆ ‘ಒಂದು ಹಿಡಿ’, ‘ಒಂದು ಚಿಟಿಕೆ’, ‘ಕಣ್ಣಂದಾಜು’. ಅತ್ತೆಯ ಕೈಯಿಂದ ಸೊಸೆಯ ಕೈಗೆ, ತಾಯಿಯಿಂದ ಮಗಳಿಗೆ ಅದು ನಡೆದು ಬಂದಿತು. ಬರೆದಿಟ್ಟ ವಿದ್ಯೆಯನ್ನು ಒಂದು ತಲೆಮಾರು ಮರೆತರೂ ಮುಂದಿನವರು ಓದಿಕೊಳ್ಳಬಹುದು. ಕೈಯಲ್ಲಿರುವ ವಿದ್ಯೆ ಹಾಗಲ್ಲ, ಒಂದು ತಲೆಮಾರಿನ ಕೈ ಅದನ್ನು ಬಿಟ್ಟರೆ ಅದು ಅಲ್ಲಿಗೇ ಮುಗಿಯಿತು. ಇಂದು ಅನೇಕ ಮನೆಗಳಲ್ಲಿ ಸಂಜೆಯ ತಿಂಡಿಯು ಅಂಗಡಿಯ ಪೊಟ್ಟಣದಿಂದ ಬರುತ್ತಿರುವುದನ್ನು ಕಂಡಾಗ ಈ ಮಾತು ಬರಿಯ ಊಹೆಯಲ್ಲವೆಂದು ತೋರುತ್ತದೆ.

ಇದಕ್ಕಾಗಿ ತಾಯಂದಿರನ್ನು ದೂಷಿಸುವುದು ಸುಲಭ, ಆದರೆ ನ್ಯಾಯವಲ್ಲ. ಹಿಂದಿನ ಮನೆಯಲ್ಲಿ ಅಜ್ಜಿ, ಅತ್ತೆ, ನೆಗೆಣ್ಣಿ, ನಾದಿನಿ ಎಂದು ಎಂಟು ಹತ್ತು ಕೈಗಳಿದ್ದವು. ಇಂದಿನ ಮನೆಯಲ್ಲಿ ಇರುವವು ಎರಡೇ ಕೈ, ಅವೂ ಉದ್ಯೋಗದಿಂದ ದಣಿದು ಬಂದವು. ಅಂತಹ ಮನೆಗೆ ಚಕ್ಕುಲಿ, ಕೋಡುಬಳೆ, ಹೋಳಿಗೆಗಳನ್ನು ಉಪದೇಶಿಸುವುದು ವ್ಯರ್ಥ. ಅವು ಹಬ್ಬಕ್ಕಿರಲಿ. ಕುದಿಯುವ ಎಣ್ಣೆಯ ಬಾಣಲೆಯನ್ನೇ ಬೇಡದ, ಅರ್ಧ ತಾಸಿನೊಳಗೆ ಮುಗಿಯುವ ತಿನಿಸುಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳ ಗುಟ್ಟು ಒಂದೇ: ಕಾಳನ್ನು ಬಿಡುವಿದ್ದಾಗ ಹುರಿದಿಡುವುದು. ಹುರಿದ ಶೇಂಗಾ, ಹುರಿದ ಎಳ್ಳು, ಪುಟಾಣಿ, ಅರಳಿನ ಹಿಟ್ಟು ಇವು ಡಬ್ಬಿಯಲ್ಲಿದ್ದರೆ ಮಿಕ್ಕ ಕೆಲಸ ಕೆಲವು ನಿಮಿಷಗಳದು. ಹಿಂದಿನವರ ತಿಂಡಿಯ ಸುಲಭತೆ ಒಲೆಯ ಮುಂದಿನ ಚಾತುರ್ಯದಲ್ಲಿರಲಿಲ್ಲ, ಹಿಂದಿನ ದಿನದ ಸಿದ್ಧತೆಯಲ್ಲಿತ್ತು.

ಮೊದಲು ಉಂಡಿಯನ್ನು ನೋಡೋಣ. ‘ಉಂಡಿ’ಯು ‘ಉಣ್’ ಧಾತುವಿನಿಂದ ಬಂದಿತೆಂದು ಅನೇಕ ವಿದ್ಯಾರ್ಥಿಗಳು ಬರೆಯುವುದುಂಟು. ಅದು ಸರಿಯಲ್ಲ. ಉಂಡೆ, ಉರುಳು, ಉರುಟು ಇವು ದುಂಡುತನವನ್ನು ಹೇಳುವ ಒಂದೇ ಬಳಗದ ಮಾತುಗಳು. ತಮಿಳಿನ ‘ಉರುಂಡೈ’ಯನ್ನು ಕಂಡರೆ ಸಂಶಯ ಪರಿಹಾರವಾಗುತ್ತದೆ. ಉಣ್ಣುವುದರಿಂದಲ್ಲ, ಉರುಳಿಸುವುದರಿಂದ ಅದು ಉಂಡಿ. ಉತ್ತರ ಕರ್ನಾಟಕದಲ್ಲಿ ಶ್ರಾವಣ ಶುದ್ಧ ಪಂಚಮಿಯು ಉಂಡಿಗಳ ಹಬ್ಬವೇ ಸರಿ. ಹಿಂದಿನ ದಿನ ರೊಟ್ಟಿ ಪಂಚಮಿಯೆಂದು ಕಟಕ ರೊಟ್ಟಿಗಳನ್ನು ಮನೆಯಿಂದ ಮನೆಗೆ ಬೀರುವ ವಾಡಿಕೆಯೂ ಹಲವೆಡೆ ಉಂಟು. ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿಯಾಡುವ ಆ ದಿನಗಳಿಗಾಗಿ ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ, ರವೆ ಉಂಡಿ, ಬೇಸನ್ ಉಂಡಿ, ತಂಬಿಟ್ಟಿನ ಉಂಡಿ ಮೊದಲಾದವು ಮುಂಚಿತವಾಗಿಯೇ ಡಬ್ಬಿ ಸೇರುತ್ತವೆ.

ಇವುಗಳಲ್ಲಿ ಅತಿ ಸುಲಭವಾದುದು ಶೇಂಗಾ ಉಂಡಿ. ಎರಡು ಬಟ್ಟಲು ಶೇಂಗಾಕಾಳಿಗೆ ಒಂದು ಬಟ್ಟಲು ಪುಡಿಮಾಡಿದ ಬೆಲ್ಲ, ಎರಡು ಏಲಕ್ಕಿ. ಕಾಳನ್ನು ಸಣ್ಣ ಉರಿಯಲ್ಲಿ, ಸಿಪ್ಪೆಯ ಮೇಲೆ ಕಂದು ಚುಕ್ಕೆ ಮೂಡುವವರೆಗೆ ಹುರಿದು, ಪೂರ್ಣವಾಗಿ ಆರಿಸಿ, ಅಂಗೈಗಳ ನಡುವೆ ತಿಕ್ಕಿ, ಮೊರದಲ್ಲಿ ಕೇರಬೇಕು. ಅನಂತರ ಒರಳಿನಲ್ಲಿ ತರಿತರಿಯಾಗಿ ಕುಟ್ಟಿ, ಬೆಲ್ಲ ಸೇರಿಸಿ ಮತ್ತೆ ನಾಲ್ಕು ಪೆಟ್ಟು ಕೊಟ್ಟರೆ ಕಾಳಿನ ಎಣ್ಣೆಯೇ ಬೆಲ್ಲವನ್ನು ಹಿಡಿದು ಉಂಡೆಗೆ ಬರುತ್ತದೆ. ಇದಕ್ಕೆ ಪಾಕವೂ ಬೇಡ, ತುಪ್ಪವೂ ಬೇಡ. ಮಿಕ್ಸಿಯಲ್ಲಿ ಮಾಡುವವರು ಅದನ್ನು ತಡೆತಡೆದು ತಿರುಗಿಸಬೇಕು. ಒಂದೇ ಸಮನೆ ಬಿಟ್ಟರೆ, ಅಥವಾ ಕಾಳು ಬಿಸಿಯಿರುವಾಗಲೇ ಹಾಕಿದರೆ, ಎಣ್ಣೆಯೊಡೆದು ಉಂಡಿಗೆ ಬದಲಾಗಿ ಮುದ್ದೆ ದೊರೆತೀತು. ಎಳ್ಳುಂಡಿಗೂ ಇದೇ ಕ್ರಮ. ಆದರೆ ಎಳ್ಳು ಚಟಪಟಗುಟ್ಟಿದೊಡನೆ ಇಳಿಸಬೇಕು, ಕ್ಷಣಕಾಲ ತಡವಾದರೆ ಕಹಿಯಾಗುತ್ತದೆ.

ಶೇಂಗಾ ಉಂಡಿಯನ್ನು ಪುರಾತನವೆಂದು ಭಾವಿಸುವವರಿಗೆ ಒಂದು ವಿಷಯ ತಿಳಿದಿರಲಿ. ಶೇಂಗಾ ದಕ್ಷಿಣ ಅಮೆರಿಕದ ಬೆಳೆ. ಮಂಗರಸನ ಅಡುಗೆಮನೆಯಲ್ಲಿ ಅದೂ ಇರಲಿಲ್ಲ, ಮೆಣಸಿನಕಾಯಿಯೂ ಇರಲಿಲ್ಲ. ಹೆಸರೂ ಮರಾಠಿಯ ‘ಶೇಂಗ’ ಎಂಬ, ಕಾಯಿ ಎಂಬರ್ಥದ ಮಾತಿನಿಂದ ಬಂದುದು. ದಕ್ಷಿಣದವರು ಅದನ್ನು ತಮ್ಮ ಕಡಲೆಯ ಬಳಗಕ್ಕೆ ಸೇರಿಸಿ ಕಡಲೆಕಾಯಿ, ನೆಲಗಡಲೆ ಎಂದರು. ಹಳೆಯ ಎಳ್ಳು ಮಾಡುತ್ತಿದ್ದ ಕೆಲಸದಲ್ಲಿ ಹೊಸ ಶೇಂಗಾ ಪಾಲು ಪಡೆಯಿತು. ಹೊಸತು ಬಂದುದರಿಂದ ಮನೆಯ ತಿಂಡಿ ಕೆಡಲಿಲ್ಲ, ಏಕೆಂದರೆ ಹೊಸ ಕಾಳನ್ನೂ ಹಳೆಯ ಕೈಯೇ ಹುರಿಯಿತು, ಹಳೆಯ ಒರಳೇ ಕುಟ್ಟಿತು.

ಅರಳಿಟ್ಟಿನ ವಿಚಾರ ಇದಕ್ಕಿಂತ ಸ್ವಾರಸ್ಯವಾದುದು. ‘ಅರಳು’, ‘ಹಿಟ್ಟು’ ಎರಡು ಸೇರಿ ಅರಳಿಟ್ಟು. ಬೆರಳು ‘ಬೆಳ್ಳು’ ಆದಂತೆ ಆಡುಮಾತಿನಲ್ಲಿ ಅದು ‘ಅಳ್ಳಿಟ್ಟು’. ಜೋಳಕ್ಕೆ ತುಸು ನೀರು ಚಿಮುಕಿಸಿ, ನೆನೆದ ಮೇಲೆ ನೆರಳಿನಲ್ಲಿ ಆರಿಸಿ, ಚೆನ್ನಾಗಿ ಕಾದ ಹಂಚಿಗೆ ಹಿಡಿಹಿಡಿಯಾಗಿ ಹಾಕಿದರೆ ಕಾಳಿನೊಳಗಿನ ತೇವವು ಆವಿಯಾಗಿ, ಹೊರಬರಲು ದಾರಿಯಿಲ್ಲದೆ, ಕಾಳನ್ನೇ ಒಡೆದು ಹೂವಾಗಿಸುತ್ತದೆ. ಹೂ ಅರಳುವುದಕ್ಕೂ ಕಾಳು ಅರಳುವುದಕ್ಕೂ ನಮ್ಮ ಹಿರಿಯರು ಒಂದೇ ಕ್ರಿಯಾಪದವನ್ನು ಬಳಸಿದುದು ಎಷ್ಟು ಉಚಿತವಾಗಿದೆ! ಆ ಅರಳನ್ನು ಬೀಸಿಟ್ಟುಕೊಂಡರೆ ಅದು ಬೆಂದ ಹಿಟ್ಟು, ಮತ್ತೆ ಒಲೆ ಹೊತ್ತಿಸಬೇಕಿಲ್ಲ. ನಾಲ್ಕು ಚಮಚ ಹಿಟ್ಟು, ಒಂದು ಚೂರು ಬೆಲ್ಲ, ಕಾಯಿಸಿದ ಹಾಲು ಇವನ್ನು ಕಲೆಸಿ ಮಗುವಿನ ಮುಂದಿಡಲು ಮೂರು ನಿಮಿಷ ಸಾಕು. ದಕ್ಷಿಣದಲ್ಲಿ ರಾಗಿಯನ್ನು ಹೀಗೆಯೇ ಅರಳಿಸಿ ‘ಹುರಿಹಿಟ್ಟು’ ಮಾಡುತ್ತಾರೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮಿಗಿಲಾದ ಸುಣ್ಣದಂಶವಿದೆಯೆಂದು ಆಹಾರ ವಿಜ್ಞಾನಿಗಳು ತಿಳಿಸುತ್ತಾರೆ. ಎಲುಬು ಬೆಳೆಯುವ ವಯಸ್ಸಿನವರಿಗೆ ಇದು ಸಣ್ಣ ಮಾತಲ್ಲ. ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಪಟ್ಟಣದ ಅಂಗಡಿಗಳಲ್ಲಿ ಈ ಧಾನ್ಯಗಳಿಗೆ ಹೊಸ ಮರ್ಯಾದೆ ದೊರೆಯಿತು. ಹೊಸ ಹೆಸರಿನ ದುಬಾರಿ ಪೊಟ್ಟಣದೊಳಗೆ ಇರುವುದು ಅಜ್ಜಿಯ ನವಣೆ, ಸಾಮೆ, ರಾಗಿಗಳೇ.

ಸಿಹಿಯೊಂದೇ ಮಕ್ಕಳಿಗೆ ರುಚಿಸದು, ಖಾರವೂ ಬೇಕು. ಅದಕ್ಕೆ ಚುರುಮುರಿಯಂತಹ ಸ್ನೇಹಿತ ಬೇರೊಂದಿಲ್ಲ. ಧಾರವಾಡ ಸೀಮೆಯ ಚುರುಮುರಿಯೇ ದಾವಣಗೆರೆಯಲ್ಲಿ ಮಂಡಕ್ಕಿ, ಮೈಸೂರಿನಲ್ಲಿ ಪುರಿ. ಇದನ್ನು ನೀರಿನಲ್ಲಿ ಅದ್ದಿ, ಕೂಡಲೇ ಹಿಂಡಿ ತೆಗೆದು, ಸಾಸಿವೆ, ಜೀರಿಗೆ, ಶೇಂಗಾ, ಕರಿಬೇವು, ಉಳ್ಳಾಗಡ್ಡಿ, ಅರಿಶಿನಗಳ ಒಗ್ಗರಣೆಯಲ್ಲಿ ತಿರುವಿ, ಕೊನೆಗೆ ಪುಟಾಣಿ ಹಿಟ್ಟು ಉದುರಿಸಿ ನಿಂಬೆರಸ ಹಿಂಡಿದರೆ ಸೂಸಲ ಸಿದ್ಧ. ನೆನೆಸಿ ಮರೆತರೆ ಕೆಟ್ಟಿತು. ‘ಅದ್ದಿ’ ಎಂದುದು ಅದಕ್ಕಾಗಿಯೇ. ನೆನೆಸದೆ ಒಣಗಿದ್ದಂತೆಯೇ ಹುಳಿಖಾರದ ಮಸಾಲೆಯೊಡನೆ ಕಲೆಸಿದರೆ ಅದು ಹುಬ್ಬಳ್ಳಿ ಧಾರವಾಡಗಳ ಗಿರಮಿಟ್ಟು. ಇವೆರಡರಲ್ಲಿ ಯಾವುದು ಮೇಲೆಂಬ ವಾದಕ್ಕೆ ಇಲ್ಲಿ ಇಳಿಯುವುದು ಬೇಡ.

ಮುಟಗಿಯನ್ನು ಹೇಳದೆ ಬಿಟ್ಟರೆ ಬಯಲುಸೀಮೆಯ ಹಳೆಯ ವಿದ್ಯಾರ್ಥಿಗಳು ಕ್ಷಮಿಸಲಾರರು. ಹಂಚಿನಿಂದ ಇಳಿಸಿದ ಬಿಸಿ ಜೋಳದ ರೊಟ್ಟಿಯನ್ನು ಮುರಿದು, ಉಪ್ಪು, ಜೀರಿಗೆ, ಎರಡು ಎಸಳು ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗಳೊಡನೆ ಕುಟ್ಟಿ, ತುಪ್ಪವನ್ನೋ ಎಣ್ಣೆಯನ್ನೋ ಹಾಕಿ ಮುಷ್ಟಿಯಲ್ಲಿ ಒತ್ತಿದರೆ ಮುಟಗಿ. ಚಿಕ್ಕ ಮಕ್ಕಳಿಗೆ ಮೆಣಸಿನಕಾಯಿಯ ಸ್ಥಾನದಲ್ಲಿ ಬೆಲ್ಲವಿದ್ದರಾಯಿತು. ಇದು ಒಲೆಯ ಪಕ್ಕದಲ್ಲಿಯೇ ಹುಟ್ಟಿ ಅಲ್ಲಿಯೇ ಮುಗಿಯುವ ತಿನಿಸು. ಆರಿದ ಮೇಲೆ ಅದಕ್ಕೆ ಬೆಲೆಯಿಲ್ಲ. ಆದುದರಿಂದಲೇ ಅಂಗಡಿಯವನು ಇದುವರೆಗೆ ಅದನ್ನು ಪೊಟ್ಟಣಕ್ಕೆ ತುಂಬಲಾರದೆ ಹೋಗಿದ್ದಾನೆ. ಸುಗ್ಗಿಗೆ ಮುನ್ನ ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉದುರಿಸಿಕೊಂಡು ತಿನ್ನುವ ಸೀತನಿಯೂ ಇದೇ ಜಾತಿಯದು. ಅದಕ್ಕಾಗಿ ಮಗುವನ್ನು ಹೊಲಕ್ಕೇ ಕರೆದೊಯ್ಯಬೇಕು.

ಇಷ್ಟು ಹೊಗಳಿದ ಮೇಲೆ ಎಚ್ಚರಿಕೆಯ ಮಾತುಗಳನ್ನೂ ಹೇಳುವುದು ಧರ್ಮ. ಬೆಲ್ಲವು ಬಣ್ಣ ಬದಲಿಸಿದ ಸಕ್ಕರೆಯೇ ಹೊರತು ಔಷಧವಲ್ಲ. ಮನೆಯದೆಂಬ ಕಾರಣಕ್ಕೆ ದಿನಕ್ಕೆ ಆರು ಉಂಡಿ ಕೊಡುವುದು ಸಲ್ಲದು, ಒಂದು ಸಾಕು. ನಾಲ್ಕು ವರ್ಷದೊಳಗಿನ ಕೂಸುಗಳಿಗೆ ಇಡಿಯ ಶೇಂಗಾ, ಪುಟಾಣಿಗಳನ್ನು ಕೊಡಲೇಬಾರದು. ಗಂಟಲಿಗೆ ಸಿಕ್ಕಿ ಪ್ರಾಣಾಪಾಯವಾದೀತು. ಅಂಥವರಿಗೆ ಹಿಟ್ಟು ಮಾಡಿ ಕಲೆಸಿದ ತಿನಿಸೇ ಯೋಗ್ಯ. ಕೆಲವು ಮಕ್ಕಳ ದೇಹಕ್ಕೆ ಶೇಂಗಾ, ಎಳ್ಳುಗಳು ಒಗ್ಗುವುದೇ ಇಲ್ಲ. ತಿಂದೊಡನೆ ಮೈಮೇಲೆ ಗಂಧೆ ಎದ್ದರೆ, ತುಟಿ ಬಾತರೆ, ಉಸಿರು ಕಟ್ಟಿದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಶಿಕ್ಷಕ ಮಹಾಶಯರಿಗೆ ಒಂದು ಸೂಚನೆ. ಉಂಡಿ ಕಟ್ಟುವುದು ಮಕ್ಕಳಿಂದಲೇ ಆಗಬಹುದಾದ ಕೆಲಸ. ಸಿಪ್ಪೆ ತಿಕ್ಕುವುದು, ಊದುವುದು, ಬೆಲ್ಲ ಕುಟ್ಟುವುದು, ಒಂದೇ ಗಾತ್ರದಲ್ಲಿ ಉರುಳಿಸಿ ಎಣಿಸಿಡುವುದು, ಇವುಗಳಲ್ಲಿ ಬೆಂಕಿಯ ಭಯವಿಲ್ಲ. ತಾನು ಕಟ್ಟಿದ ಉಂಡಿಯನ್ನು ಬೇಡವೆನ್ನುವ ಮಗು ಅಪರೂಪ. ಕನ್ನಡ ತರಗತಿಯಲ್ಲಿ ‘ನನ್ನ ಮೆಚ್ಚಿನ ಹಬ್ಬ’ವೆಂಬ ಪ್ರಬಂಧವನ್ನು ವರ್ಷವರ್ಷವೂ ಬರೆಸುವುದಕ್ಕೆ ಬದಲಾಗಿ, ಅಜ್ಜಿಯ ಮುಂದೆ ಕುಳಿತು ಅವರು ಹೇಳಿದ ಒಂದು ತಿನಿಸಿನ ವಿಧಾನವನ್ನು ಅವರದೇ ಮಾತಿನಲ್ಲಿ ಬರೆದು ತರಲು ಹೇಳಬಹುದು. ‘ಹಿಡಿ’, ‘ಚಿಟಿಕೆ’ಗಳನ್ನು ಬಟ್ಟಲಿನಿಂದ ಅಳೆದು ನಮೂದಿಸಲು ಹೇಳಿದರೆ ಗಣಿತವೂ ಆಯಿತು. ನಲವತ್ತು ವಿದ್ಯಾರ್ಥಿಗಳ ತರಗತಿಯಿಂದ ನಲವತ್ತು ಮನೆಗಳ ಪಾಕ ಬರಹಕ್ಕೆ ಬಂದಂತಾಗುತ್ತದೆ.

ಪ್ರಸಾದನಿಲಯಗಳಲ್ಲಿದ್ದು ಓದಿದವರಿಗೆ ತಗಡಿನ ಡಬ್ಬಿಯ ಮಹಿಮೆಯನ್ನು ವಿವರಿಸಬೇಕಿಲ್ಲ. ಹಬ್ಬ ಮುಗಿಸಿ ಊರಿನಿಂದ ಮರಳುವ ಹುಡುಗನ ಕೈಯಲ್ಲಿ ಪುಸ್ತಕದ ಗಂಟಿಗಿಂತ ಆ ಡಬ್ಬಿಯೇ ಭಾರವಾಗಿರುತ್ತಿತ್ತು. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಡಿಯಲ್ಲಿ ಉಂಡಿ. ಕೋಣೆಯಲ್ಲಿ ಮುಚ್ಚಳ ತೆರೆದೊಡನೆ ಅದು ಒಬ್ಬನದಾಗಿ ಉಳಿಯುತ್ತಿರಲಿಲ್ಲ. ಮೂರು ದಿನಕ್ಕೆ ಡಬ್ಬಿ ಬರಿದು. ಇಂದಿಗೂ ದೂರದಲ್ಲಿ ಓದುವ ಮಕ್ಕಳಿಗೆ ಕಟ್ಟಿ ಕಳುಹಿಸುವವರು ಉಂಡಿಗಳನ್ನು ಪೂರ್ಣವಾಗಿ ಆರಿಸಿಯೇ ಮುಚ್ಚಳ ಹಾಕಬೇಕು. ಬಿಸಿಯಿರುವಾಗ ಮುಚ್ಚಿದರೆ ಒಳಗೆ ಬೆವರು ಕೂಡಿ ಬೂಷ್ಟು ಹಿಡಿಯುತ್ತದೆ. ಶೇಂಗಾದ ಮೇಲೆ ಬೆಳೆಯುವ ಕೆಲವು ಬೂಷ್ಟುಗಳಲ್ಲಿ ಯಕೃತ್ತಿಗೆ ಮಾರಕವಾದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುವುದರಿಂದ, ಬೂಷ್ಟು ಕಂಡ ಉಂಡಿಯನ್ನು ಕೆರೆದು ತಿನ್ನದೆ ಎಸೆಯುವುದೇ ಲೇಸು. ಹುರಿಯುವ ಮೊದಲೇ ಸುಕ್ಕಿದ, ಕಪ್ಪಾದ, ಮುಗ್ಗಿದ ಕಾಳುಗಳನ್ನು ಆರಿಸಿ ತೆಗೆಯಬೇಕು. ಅದಕ್ಕೆ ಹಿರಿಯರ ಕನ್ನಡಕಕ್ಕಿಂತ ಮಕ್ಕಳ ಕಣ್ಣೇ ಚುರುಕು. ಮೊರವನ್ನು ಅವರ ಮುಂದಿಟ್ಟರಾಯಿತು.