ಗೋಸುಂಬೆಯ ಎಲುಬು

ಮಾತು ಬದಲಿಸುವವರನ್ನು ಗೋಸುಂಬೆಯೆಂದು ಜರೆಯುವ ನಾವು ಅದರ ಎಲುಬಿನ ಸಂಗತಿಯನ್ನು ವಿಚಾರಿಸಿದವರಲ್ಲ. ವಿದೇಶಗಳಲ್ಲಿ ಗೋಸುಂಬೆ ಸಾಕುವವರು ಅದಕ್ಕೆ ತಿನ್ನಿಸುವ ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಸವರುತ್ತಾರೆ. ಹುಳುಗಳಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಪುಡಿ ತಪ್ಪಿದರೆ ಎಲುಬು ಮೆತ್ತಗಾಗಿ ಕಾಲು ಡೊಂಕಾಗುತ್ತದೆ, ನಾಲಿಗೆ ಚಾಚಲೂ ಬಲ ಸಾಲದು. ಪುಡಿಯೊಂದೇ ಸಾಕೆ? ಬಿಸಿಲಿನ ಅತಿನೇರಳೆ ಕಿರಣದಿಂದ ಚರ್ಮದಲ್ಲಿ ಡಿ೩ ಜೀವಸತ್ವ ಹುಟ್ಟಿದರೆ ಆ ಸುಣ್ಣ ಮೈಗೆ ಹತ್ತುತ್ತದೆ. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ. ಡಿ೩ರ ಪುಡಿಯನ್ನೇ ಅತಿಯಾಗಿ ಕೊಟ್ಟರೆ ಮೂತ್ರಪಿಂಡ ಕೆಡುವ ಭಯ.

ಸುರಪುರ, ಶಹಾಪುರಗಳ ಕಡೆ ಜಾಲಿಗಿಡದ ಗೋಸುಂಬೆಗೆ ಬಿಸಿಲಿಗೂ ಬಗೆಬಗೆಯ ಹುಳುಗಳಿಗೂ ಬರವಿಲ್ಲ. ಅದನ್ನು ಹಿಡಿದು ಡಬ್ಬಿಯಲ್ಲಿಟ್ಟು ಬರೀ ನೊಣ ಹಾಕುವ ಹುಡುಗರನ್ನು ಕಂಡಿದ್ದೇನೆ. ಆ ಡಬ್ಬಿಯೊಳಗೆ ಬಿಸಿಲೂ ಇಲ್ಲ, ಸುಣ್ಣವೂ ಇಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಹಿಡಿದಿಡುವುದು ಅಪರಾಧವೂ ಹೌದು.