ಗ್ಯಾಟ್ಸ್‌ಬಿ ಓದುವ ಗಡಿಭಾಗದ ಮಕ್ಕಳಿಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಓದುವ ಮಕ್ಕಳಿಗೆ,

ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ ಬರೆದ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರಿ 1925ರ ಏಪ್ರಿಲ್ 10ರಂದು ನ್ಯೂಯಾರ್ಕಿನಲ್ಲಿ ಪ್ರಕಟವಾಯಿತು. ಅದನ್ನು ಬರೀ ಪ್ರೇಮಕತೆಯೆಂದು ಓದಿದವರ ಕೈಗೆ ಅರ್ಧ ಕಾದಂಬರಿ ಮಾತ್ರ ಸಿಗುತ್ತದೆ. ದುಡ್ಡು ಗಳಿಸಿದ ಮೇಲೂ ಹುಟ್ಟಿನ ಗೋಡೆ ಹೇಗೆ ನಿಂತೇ ಇರುತ್ತದೆ ಎಂಬುದು ಉಳಿದರ್ಧ.

ನಾರ್ತ್ ಡಕೋಟಾದ ಬಡ ರೈತನ ಮಗ ಜೇಮ್ಸ್ ಗ್ಯಾಟ್ಜ್ 17ನೇ ವಯಸ್ಸಿಗೆ ಹೆಸರು ಬದಲಿಸಿಕೊಂಡು ಜೇ ಗ್ಯಾಟ್ಸ್‌ಬಿ ಆಗುತ್ತಾನೆ. 1917ರಲ್ಲಿ ಲೂಯಿವಿಲ್‌ನ ಸಿರಿವಂತರ ಮಗಳು ಡೇಸಿ ಅವನನ್ನು ಮೆಚ್ಚುವಾಗ ಅವನ ಬಡತನವನ್ನು ಸೈನ್ಯದ ಸಮವಸ್ತ್ರ ಮುಚ್ಚಿರುತ್ತದೆ. ಅವನು ಯುದ್ಧ ಮುಗಿಸಿ ಬರುವುದರೊಳಗೆ ಅವಳಿಗೆ ಟಾಮ್ ಬುಕಾನನ್ ಜೊತೆ ಮದುವೆ. ಹಿಂದಿನ ದಿನ ಟಾಮ್ ಕೊಟ್ಟ ಮುತ್ತಿನ ಹಾರದ ಬೆಲೆ 3,50,000 ಡಾಲರ್. ಮುಂದೆ ಪಾನನಿಷೇಧದ ಕಾಲದಲ್ಲಿ ಗ್ಯಾಟ್ಸ್‌ಬಿ ಕಳ್ಳ ಸಾರಾಯಿಯಿಂದ ದುಡ್ಡು ಮಾಡಿ, ಡೇಸಿಯ ಮನೆಗೆ ಎದುರಾಗಿ ಕೊಲ್ಲಿಯ ಈಚೆ ದಂಡೆಯಲ್ಲಿ ಬಂಗಲೆ ಕೊಳ್ಳುತ್ತಾನೆ.

ಗ್ಯಾಟ್ಸ್‌ಬಿ, ಟಾಮ್ ಮುಖಾಮುಖಿಯಾಗುವುದು 1922ರ ಬೇಸಿಗೆಯಲ್ಲಿ, ಪ್ಲಾಜಾ ಹೋಟೆಲಿನ ಕೋಣೆಯಲ್ಲಿ. ಉಸಿರುಗಟ್ಟಿಸುವ ಸೆಕೆ, ಕೆಳಗಿನ ಸಭಾಂಗಣದಲ್ಲಿ ಯಾರದೋ ಮದುವೆಯ ವಾದ್ಯ. ಟಾಮ್‌ನನ್ನು ತಾನೆಂದೂ ಪ್ರೀತಿಸಿರಲಿಲ್ಲವೆಂದು ಡೇಸಿ ಹೇಳಬೇಕು ಎಂಬುದು ಗ್ಯಾಟ್ಸ್‌ಬಿಯ ಹಟ. ಇಬ್ಬರನ್ನೂ ಪ್ರೀತಿಸಿದ್ದೆನೆಂದು ಅವಳು ಅಳುತ್ತಾಳೆ. ಅದು ಅವಳ ನಿಜ. ಆ ನಿಜ ಗ್ಯಾಟ್ಸ್‌ಬಿಗೆ ಸಾಲದು, ಟಾಮ್‌ಗೆ ಬೇಕಿಲ್ಲ. ಟಾಮ್ ಅವನ ಸಾರಾಯಿ ದಂಧೆಯನ್ನು ಬಯಲಿಗೆಳೆದ ಕೂಡಲೇ ಡೇಸಿ ಹಿಂದೆ ಸರಿಯುತ್ತಾಳೆ. ಕೋಣೆಯಲ್ಲಿ ಗೆದ್ದದ್ದು ಪ್ರೀತಿಯಲ್ಲ, ಹಳೆಯ ಮನೆತನದ ಭದ್ರತೆ. ಅದೇ ಸಂಜೆ ಡೇಸಿ ಓಡಿಸುತ್ತಿದ್ದ ಕಾರಿಗೆ ಸಿಕ್ಕಿ ಗ್ಯಾರೇಜಿನ ವಿಲ್ಸನ್‌ನ ಹೆಂಡತಿ ಮರ್ಟಲ್ ಸಾಯುತ್ತಾಳೆ. ಅದು ಗ್ಯಾಟ್ಸ್‌ಬಿಯ ಕೆಲಸವೆಂದು ನಂಬಿ ವಿಲ್ಸನ್ ಅವನನ್ನು ಕೊಂದು ತಾನೂ ಸಾಯುತ್ತಾನೆ. ಸತ್ತ ಮೂವರೂ ಕೆಳಗಿನಿಂದ ಬಂದವರು. ಟಾಮ್, ಡೇಸಿ ಊರು ಬಿಟ್ಟು ಹೋಗುತ್ತಾರೆ.

ಹುಟ್ಟಿನ ಗೋಡೆ ನಮ್ಮ ಕಡೆಯೂ ಇತ್ತು. ಕಾದಂಬರಿ ಹೊರಬಂದ ಅದೇ ಏಪ್ರಿಲ್ ತಿಂಗಳಲ್ಲಿ ನಿಪ್ಪಾಣಿಯಲ್ಲಿ ಡಾ. ಅಂಬೇಡ್ಕರ್ ಅಧ್ಯಕ್ಷತೆಯಲ್ಲಿ ಬಹಿಷ್ಕೃತ ವರ್ಗಗಳ ಪರಿಷತ್ತು ನಡೆಯಿತು. ಆಗ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಶಾಹೂ ಮಹಾರಾಜರು ಅಂತರ್ಜಾತಿ ಮದುವೆಗೆ ಅದಕ್ಕೂ ಮೊದಲೇ ಕಾನೂನಿನ ಮಾನ್ಯತೆ ಕೊಟ್ಟಿದ್ದರು. ನೂರು ವರ್ಷ ಕಳೆದಿವೆ. ಕಬ್ಬು, ತಂಬಾಕು ಈ ತಾಲ್ಲೂಕುಗಳ ಹಲವು ಮನೆಗಳಿಗೆ ಹೊಸ ದುಡ್ಡು ತಂದಿವೆ. ಬೀಗತನದ ಮಾತು ಬಂದಾಗ ಜಾತಿ, ಮನೆತನ, ಎಕರೆ ಕೇಳುವುದು ಮಾತ್ರ ನಿಂತಿಲ್ಲ. ಅಮೆರಿಕದ ವರ್ಗಭೇದಕ್ಕಿಂತ ಇಲ್ಲಿಯ ಗೋಡೆ ಗಟ್ಟಿ. ದುಡ್ಡಿನಿಂದ ಜಾತಿ ಬದಲಾಗುವುದಿಲ್ಲ.

ಹಾಗೆಂದು ಪ್ರೀತಿಸಬಾರದು ಎನ್ನುವುದು ಹಿರಿಯರ ಬುದ್ಧಿಮಾತಾಗಬಾರದು. ಗ್ಯಾಟ್ಸ್‌ಬಿ ಎಡವಿದ್ದು ಪ್ರೀತಿಸಿದ್ದರಲ್ಲಿ ಅಲ್ಲ, ಸುಳ್ಳಿನ ಮೇಲೆ ಪ್ರೀತಿ ಕಟ್ಟಿದ್ದರಲ್ಲಿ, ಡೇಸಿಯನ್ನು ತನ್ನ ಏಳಿಗೆಯ ಸಾಕ್ಷಿ ಮಾಡಿಕೊಂಡದ್ದರಲ್ಲಿ. ಹೊಲ, ಸಾಲ, ಜಾತಿ, ನೌಕರಿ ಯಾವುದನ್ನೂ ಮುಚ್ಚಿಡದ ಹುಡುಗ ಹುಡುಗಿಗೆ ಮನೆಯವರ ಎದುರು ನಿಲ್ಲುವ ಬಲ ಇರುತ್ತದೆ. ಹುಡುಗಿಯ ಮಾತನ್ನು ಹುಡುಗಿಯೇ, ತನ್ನ ಸಮಯಕ್ಕೆ, ಆಡಬೇಕು. ಪ್ಲಾಜಾದಲ್ಲಿ ಗ್ಯಾಟ್ಸ್‌ಬಿ ಮಾಡಿದಂತೆ ನಾಲ್ಕು ಜನರ ಎದುರು ಅವಳಿಂದ ಮಾತು ಹೊರಡಿಸುವವನು ಟಾಮ್‌ಗಿಂತ ಬೇರೆಯಲ್ಲ.

1954ರ ವಿಶೇಷ ವಿವಾಹ ಕಾಯ್ದೆ ಜಾತಿ, ಧರ್ಮ ಕೇಳುವುದಿಲ್ಲ: ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು, 30 ದಿನಗಳ ನೋಟಿಸ್, ಮೂವರು ಸಾಕ್ಷಿಗಳು ಬೇಕು. ವಯಸ್ಕರಿಬ್ಬರು ಒಪ್ಪಿ ಆಗುವ ಮದುವೆಗೆ ಮನೆತನದ, ಸಮುದಾಯದ ಒಪ್ಪಿಗೆ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಬೆದರಿಕೆ ಬಂದರೆ ಓಡಿಹೋಗುವ ಮೊದಲು ಪೊಲೀಸರಿಗೆ ಲಿಖಿತ ದೂರು ಕೊಡಿ, ನಂಬಿಕೆಯ ಒಬ್ಬ ಹಿರಿಯರಿಗಾದರೂ ತಿಳಿಸಿ.